ನೆಲ ನಡುಗಿದರೂ ನಿಲ್ಲಬೇಕಾದ ಗೋಡೆ: ಅಣು ಸ್ಥಾವರಗಳ ಕಟ್ಟಡ ವಿನ್ಯಾಸವನ್ನು ಕಲಿಯುವ ಬಗೆ

ಚಿಕ್ಕಮಗಳೂರು: ಮೂಡಿಗೆರೆ, ಕಳಸದ ಕಾಫಿ ತೋಟಗಳ ನಡುವೆ ಬೆಳೆದ ಮಕ್ಕಳಿಗೆ ನೆಲ ಸರಿಯುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಬಲವಾದ ವರ್ಷ ಮನೆಯ ಹಿಂದಿನ ಧರೆ ಕುಸಿಯುವುದನ್ನು, ರಸ್ತೆಯ ಅಂಚು ರಾತ್ರೋರಾತ್ರಿ ಹಳ್ಳಕ್ಕಿಳಿಯುವುದನ್ನು ಅವರು ಕಂಡೇ ಇರುತ್ತಾರೆ. 2019ರ ಆಗಸ್ಟ್ ತಿಂಗಳಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆಗಳೂ ತೋಟಗಳೂ ಮಣ್ಣುಪಾಲಾದವು. ತಲೆಮಾರುಗಳಿಂದ ಗಟ್ಟಿ ಎಂದು ನಂಬಿದ್ದ ನೆಲ ಕೆಲವೇ ಗಂಟೆಗಳಲ್ಲಿ ಕೆಸರಾಗಿ ಹರಿದದ್ದನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ.

ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಉತ್ತರಕ್ಕೆ, ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಅಲ್ಲಿ ಕೆಲಸ ಮಾಡುತ್ತಿವೆ. ನೆಲ ಅಲುಗಿದರೂ, ಒಳಗೆ ಅವಘಡವಾದರೂ ಬಿರುಕು ಬಿಡದೆ ನಿಲ್ಲಬೇಕಾದ ಕಟ್ಟಡವನ್ನು ಲೆಕ್ಕ ಹಾಕಿ ನಿಲ್ಲಿಸುವ ವಿದ್ಯೆ ಯಾವುದು, ಅದನ್ನು ಎಲ್ಲಿ, ಹೇಗೆ ಕಲಿಯಬೇಕು ಎಂಬುದು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳಿಗೂ, ಸ್ಥಾವರದ ಪರ ವಿರೋಧದ ಚರ್ಚೆಯನ್ನು ಗಮನಿಸುತ್ತಿರುವ ನಾಗರಿಕರಿಗೂ ಸಮಾನವಾಗಿ ತಿಳಿದಿರಬೇಕಾದ ವಿಷಯವಾಗಿದೆ.

ಭೂಕಂಪವಿಲ್ಲದೆ ಕಳಚಿದ ಗುಮ್ಮಟ

ಈ ವಿದ್ಯೆಯ ಬಗ್ಗೆ ಕರ್ನಾಟಕದಲ್ಲಿ ಮಾತನಾಡುವವರು 1994ರ ಮೇ 13ನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಂದು ನಿರ್ಮಾಣ ಹಂತದಲ್ಲಿದ್ದ ಕೈಗಾ ಮೊದಲ ಘಟಕದ ಒಳಗುಮ್ಮಟದ ಕೆಳಪದರ ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟ್ ಕೆಳಕ್ಕುರುಳಿತು. ಕಾರ್ಮಿಕರು ಗಾಯಗೊಂಡರು. ಅದೃಷ್ಟವಶಾತ್ ಜೀವಹಾನಿಯಾಗಲಿಲ್ಲ. ರಿಯಾಕ್ಟರಿಗೆ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ.

ಅಂದು ಭೂಕಂಪವೇನೂ ಆಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಗಾಳಿಯಿಲ್ಲ, ನೆರೆಯಿಲ್ಲ, ಒಳಗೆ ಉಗಿಯ ಒತ್ತಡವೂ ಇಲ್ಲ. ಗುಮ್ಮಟವನ್ನು ಬಲಪಡಿಸಲೆಂದೇ ಬಿಗಿದ ಉಕ್ಕಿನ ಕೇಬಲುಗಳ ಬಲವೇ ಅದನ್ನು ಪದರ ಪದರವಾಗಿ ಬಿಡಿಸಿತು. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಅಣು ಸ್ಥಾವರದ ಕಟ್ಟಡ ವಿನ್ಯಾಸದ ಅರ್ಧ ಪಾಠ ಇದೊಂದೇ ಘಟನೆಯಲ್ಲಿ ಅಡಗಿದೆ.

ಕಾಂಕ್ರೀಟಿಗೆ ಒತ್ತುವ ಬಲವನ್ನು ತಾಳುವ ಶಕ್ತಿ ಅಪಾರ, ಎಳೆಯುವ ಬಲವನ್ನು ತಾಳುವ ಶಕ್ತಿ ಅತ್ಯಲ್ಪ. ರಿಯಾಕ್ಟರಿನ ಕೊಳವೆ ಒಡೆದು ಉಗಿ ನುಗ್ಗಿದರೆ ಧಾರಕ ಕಟ್ಟಡ ಬಲೂನಿನಂತೆ ಹಿಗ್ಗಲು ಯತ್ನಿಸುತ್ತದೆ. ಆಗ ಗೋಡೆಯೊಳಗೆ ಉಂಟಾಗುವುದು ಎಳೆಯುವ ಬಲ. ಆದ್ದರಿಂದ ಮೊದಲೇ ಉಕ್ಕಿನ ಕೇಬಲುಗಳನ್ನು ಗೋಡೆ ಮತ್ತು ಗುಮ್ಮಟದೊಳಗಿನ ನಾಳಗಳಲ್ಲಿ ಹಾಯಿಸಿ, ಜಾಕ್‌ಗಳಿಂದ ಎಳೆದು ಬಿಗಿದು, ಇಡೀ ಕಟ್ಟಡವನ್ನು ಒತ್ತಿ ಹಿಡಿಯಲಾಗುತ್ತದೆ. ಮರದ ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ. ಇದೇ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್. ಒಳಗಿನ ಒತ್ತಡ ಎಷ್ಟೇ ಹಿಗ್ಗಿಸಿದರೂ ಮೊದಲೇ ಕೊಟ್ಟ ಬಿಗಿತವನ್ನು ಅದು ಮೀರಬಾರದು ಎಂಬುದು ಲೆಕ್ಕಾಚಾರದ ತಿರುಳು.

ಆದರೆ ಗುಮ್ಮಟದಲ್ಲಿ ಕೇಬಲು ನೇರವಾಗಿರುವುದಿಲ್ಲ, ಬಾಗಿರುತ್ತದೆ. ಬಾಗಿದ ಕೇಬಲನ್ನು ಎಳೆದರೆ ಅದು ನೇರವಾಗಲು ಹವಣಿಸುತ್ತಾ ಗುಮ್ಮಟದ ಕೇಂದ್ರದ ಕಡೆಗೆ ಒತ್ತುತ್ತದೆ. ಉದಾಹರಣೆಗೆ, ಒಂದು ಕೇಬಲಿನ ಎಳೆತ 200 ಟನ್, ಬಾಗಿನ ತ್ರಿಜ್ಯ 40 ಮೀಟರ್ ಎಂದಿಟ್ಟುಕೊಂಡರೆ ಪ್ರತಿ ಮೀಟರ್ ಉದ್ದಕ್ಕೆ 5 ಟನ್ ಒಳಮುಖ ಬಲ ಬೀಳುತ್ತದೆ. ಅಂಥ ಕೇಬಲುಗಳು ಹತ್ತಿರ ಹತ್ತಿರ, ಅಡ್ಡಡ್ಡ ಹಾಯ್ದಿರುತ್ತವೆ. ಒತ್ತಲ್ಪಟ್ಟ ಕಾಂಕ್ರೀಟಿನ ಪದರವೋ ತದ್ವಿರುದ್ಧವಾಗಿ ಹೊರಕ್ಕೆ ಉಬ್ಬಲು ನೋಡುತ್ತದೆ. ಈ ಎರಡರ ಜಗ್ಗಾಟದಲ್ಲಿ ಗುಮ್ಮಟದ ದಪ್ಪದ ದಿಕ್ಕಿನಲ್ಲಿ, ಅಂದರೆ ತ್ರಿಜ್ಯದ ದಿಕ್ಕಿನಲ್ಲಿ, ಎಳೆಯುವ ಬಲ ಹುಟ್ಟುತ್ತದೆ. ಕಾಂಕ್ರೀಟು ಅತ್ಯಂತ ದುರ್ಬಲವಾಗಿರುವುದೇ ಈ ಬಗೆಯ ಬಲಕ್ಕೆ. ಅದರ ಮೇಲೆ ಕೇಬಲಿನ ನಾಳಗಳು ಆ ಮಟ್ಟದಲ್ಲಿ ಕಾಂಕ್ರೀಟನ್ನು ತೂತು ತೂತಾಗಿಸಿರುತ್ತವೆ. ಈರುಳ್ಳಿಯ ಪದರಗಳು ಬಿಡಿಸಿಕೊಳ್ಳುವಂತೆ ಗುಮ್ಮಟ ಬಿಡಿಸಿಕೊಳ್ಳುವುದು ಹೀಗೆ. ಪದರಗಳನ್ನು ಒಂದಕ್ಕೊಂದು ಹೊಲಿದು ಹಿಡಿಯುವ ತ್ರಿಜ್ಯ ದಿಕ್ಕಿನ ಕಂಬಿಗಳಿಲ್ಲದಿದ್ದರೆ ಅದನ್ನು ತಡೆಯುವವರಿಲ್ಲ.

ಉಗಿ ಉತ್ಪಾದಕಗಳನ್ನು ಇಳಿಸಲೆಂದು ಗುಮ್ಮಟದಲ್ಲಿ ಬಿಟ್ಟ ದೊಡ್ಡ ತೆರಪುಗಳು ಈ ತೊಡಕನ್ನು ಹೆಚ್ಚಿಸುತ್ತವೆ. ಕೇಬಲುಗಳು ಆ ತೆರಪುಗಳನ್ನು ಬಳಸಿ ಸುತ್ತಿಕೊಂಡು ಹೋಗಬೇಕು, ಆದ್ದರಿಂದ ಅವುಗಳ ಅಂಚಿನಲ್ಲಿ ಕೇಬಲು, ಕಂಬಿ, ನಾಳಗಳ ದಟ್ಟಣೆ ಉಂಟಾಗುತ್ತದೆ.

ಅಮೆರಿಕದಲ್ಲಿ ಇಂಥದ್ದು ಮೊದಲೇ ಸಂಭವಿಸಿತ್ತು ಎಂಬುದು ಇಲ್ಲಿ ನೋವಿನ ಸಂಗತಿ. ಫ್ಲಾರಿಡಾ ರಾಜ್ಯದ ಟರ್ಕಿ ಪಾಯಿಂಟ್ ಸ್ಥಾವರದ ಗುಮ್ಮಟ 1970ರಲ್ಲಿಯೂ, ಅದೇ ರಾಜ್ಯದ ಕ್ರಿಸ್ಟಲ್ ರಿವರ್ ಸ್ಥಾವರದ ಗುಮ್ಮಟ 1976ರಲ್ಲಿಯೂ ನಿರ್ಮಾಣದ ಹಂತದಲ್ಲೇ ಪದರ ಬಿಟ್ಟಿದ್ದವು. ಒಂದು ದೇಶದಲ್ಲಿ ಆದ ತಪ್ಪಿನ ವರದಿ ಮತ್ತೊಂದು ದೇಶದ ವಿನ್ಯಾಸಕಾರನ ಮೇಜಿಗೆ ತಲುಪಿ, ಅವನು ಅದನ್ನು ತನ್ನದೇ ಗುಮ್ಮಟದ ಪ್ರಶ್ನೆಯೆಂದು ಓದುವುದು ಅಷ್ಟು ಸುಲಭವಲ್ಲ. ಕ್ರಿಸ್ಟಲ್ ರಿವರ್‌ನ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2009ರಲ್ಲಿ ಹಳೆಯ ಉಗಿ ಉತ್ಪಾದಕಗಳನ್ನು ಬದಲಿಸಲು ಅದರ ಗೋಡೆಯನ್ನು ಕೊರೆದಾಗ ಗೋಡೆಯೊಳಗೆ ಮತ್ತೆ ಪದರ ಬಿಟ್ಟದ್ದು ಕಂಡಿತು. ದುರಸ್ತಿಯ ಯತ್ನದಲ್ಲಿ ಹೊಸ ಬಿರುಕುಗಳು ಮೂಡಿದವು. 2013ರಲ್ಲಿ ಆ ಸ್ಥಾವರವನ್ನೇ ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು.

ಕೈಗಾದಲ್ಲಿ ತನಿಖೆಯ ನಂತರ ಗುಮ್ಮಟದ ವಿನ್ಯಾಸವನ್ನೇ ಹೊಸದಾಗಿ ಮಾಡಲಾಯಿತು. ತ್ರಿಜ್ಯ ದಿಕ್ಕಿನ ಕಂಬಿಗಳು ಬಂದವು. ಸಿಲಿಕಾ ಫ್ಯೂಮ್ ಬೆರೆಸಿದ ಎಂ-60 ದರ್ಜೆಯ ಕಾಂಕ್ರೀಟ್ ಬಳಕೆಯಾಯಿತು. ನಮ್ಮ ಊರುಗಳ ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಎಂ-20 ಕಾಂಕ್ರೀಟಿಗಿಂತ ಇದರ ಬಲ ಮೂರು ಪಟ್ಟು. ಇದೇ ಮಾದರಿಯ ಕಟ್ಟಡಗಳು ಏಳುತ್ತಿದ್ದ ರಾಜಸ್ಥಾನದ ರಾವತ್‌ಭಾಟಾದ ಮೂರು ಮತ್ತು ನಾಲ್ಕನೆಯ ಘಟಕಗಳ ಗುಮ್ಮಟಗಳಿಗೂ ಹೊಸ ವಿನ್ಯಾಸ ಅನ್ವಯವಾಯಿತು. ಕೈಗಾದ ಎರಡನೆಯ ಘಟಕ 1999ರ ಸೆಪ್ಟೆಂಬರಿನಲ್ಲಿ, ಮೊದಲನೆಯ ಘಟಕ 2000ದ ಸೆಪ್ಟೆಂಬರಿನಲ್ಲಿ ಕ್ರಿಯಾಶೀಲಗೊಂಡವು. ಮೊದಲನೆಯದು ಎರಡನೆಯದಾಗಿ ಬಂತು!

ಕಾಕತಾಳೀಯವೋ ಏನೋ, ಅದೇ ಮೊದಲ ಘಟಕ 2016ರ ಮೇ 13ರಂದು, ಗುಮ್ಮಟ ಕಳಚಿದ ತಾರೀಖಿನಂದೇ, ಆರಂಭಿಸಿದ ಓಟವನ್ನು 2018ರ ಡಿಸೆಂಬರ್ 31ರವರೆಗೆ ನಿಲ್ಲಿಸದೆ 962 ದಿನಗಳ ಅಂದಿನ ವಿಶ್ವದಾಖಲೆ ಬರೆಯಿತು. ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಘಟಕವೊಂದು ಆಮೇಲೆ ಅದನ್ನು ಮುರಿದು 1,106 ದಿನಗಳವರೆಗೆ ಒಯ್ದಿತು.

ನಕ್ಷೆಯನ್ನು ನಂಬಿ ಕೂರುವಂತಿಲ್ಲ

ಇನ್ನು ಭೂಕಂಪದ ವಿಷಯ. ಭಾರತೀಯ ಮಾನಕ ಸಂಸ್ಥೆಯ ಐಎಸ್ 1893 ಸಂಹಿತೆ 2002ರ ಪರಿಷ್ಕರಣೆಯಲ್ಲಿ ದೇಶವನ್ನು ಎರಡರಿಂದ ಐದರವರೆಗಿನ ನಾಲ್ಕು ವಲಯಗಳಾಗಿ ವಿಂಗಡಿಸಿತು. 2016ರ ಪರಿಷ್ಕರಣೆಯಲ್ಲೂ ಅದೇ ಮುಂದುವರಿಯಿತು. ಆ ನಕ್ಷೆಯಲ್ಲಿ ಕರ್ನಾಟಕದ ಒಳನಾಡಿನ ಬಹುಭಾಗ ಅತಿ ಕಡಿಮೆ ಅಪಾಯದ ಎರಡನೆಯ ವಲಯಕ್ಕೂ, ಕರಾವಳಿಯ ಪಟ್ಟಿ ಮೂರನೆಯ ವಲಯಕ್ಕೂ ಸೇರಿವೆ. ಇದನ್ನು ಕಂಡು ನಮಗೇನೂ ಭಯವಿಲ್ಲ ಎಂದು ತೀರ್ಮಾನಿಸುವವರಿದ್ದಾರೆ. ಅವರು ಕೊಯ್ನಾವನ್ನು ನೆನೆಯಬೇಕು.

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯೂ ಇದೇ ಪಶ್ಚಿಮ ಘಟ್ಟದಲ್ಲಿದೆ. ಭೂಕಂಪದ ಭಯ ಬಹುಮಟ್ಟಿಗೆ ಇಲ್ಲವೆಂದು ನಂಬಲಾಗಿದ್ದ ಆ ಪ್ರದೇಶದ ಅಣೆಕಟ್ಟೆಯ ವಿನ್ಯಾಸದಲ್ಲಿ, ಗುರುತ್ವದ ಶೇಕಡಾ 5ರಷ್ಟು ಅಡ್ಡಬಲವನ್ನು ಲೆಕ್ಕಕ್ಕೆ ಹಿಡಿಯಲಾಗಿತ್ತು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಅಲ್ಲಿ 6.3 ಪ್ರಮಾಣದ ಭೂಕಂಪವಾದಾಗ ಅಣೆಕಟ್ಟೆಯೊಳಗಿನ ಮಾಪಕ ದಾಖಲಿಸಿದ ಶಿಖರ ವೇಗೋತ್ಕರ್ಷ ಗುರುತ್ವದ ಶೇಕಡಾ 63. ಕಟ್ಟೆ ಬಿರುಕು ಬಿಟ್ಟರೂ ನಿಂತಿತು. ಜನವಸತಿ ನೆಲಸಮವಾಗಿ ಸುಮಾರು 180 ಮಂದಿ ಸತ್ತರು. ಜಲಾಶಯದ ನೀರಿನ ಭಾರ ಮತ್ತು ಬಂಡೆಗಳೊಳಕ್ಕೆ ಇಳಿಯುವ ನೀರಿನ ಒತ್ತಡ ಭೂಕಂಪಕ್ಕೆ ಪ್ರಚೋದನೆ ನೀಡಬಲ್ಲದೆಂಬುದಕ್ಕೆ ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಕೊಡುವ ಉದಾಹರಣೆ ಕೊಯ್ನಾ. 1970ರ ಪರಿಷ್ಕರಣೆಯಲ್ಲಿ ‘ಶೂನ್ಯ ವಲಯ’ ಎಂಬುದನ್ನೇ ನಕ್ಷೆಯಿಂದ ತೆಗೆದುಹಾಕಲಾಯಿತು. 1993ರ ಸೆಪ್ಟೆಂಬರ್ 30ರ ಲಾತೂರು ಭೂಕಂಪ ದಕ್ಷಿಣ ಪ್ರಸ್ಥಭೂಮಿಯ ‘ಸ್ಥಿರತೆ’ಯ ಬಗ್ಗೆ ಉಳಿದಿದ್ದ ಭ್ರಮೆಯನ್ನೂ ಕಳೆಯಿತು. ತೀರ ಈಚೆಗೆ, 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಭಾಗದ ಜನ ಸರಣಿ ಲಘುಕಂಪನಗಳಿಂದ ಮನೆಯಿಂದ ಹೊರಗೋಡಿದ್ದನ್ನು ಮಲೆನಾಡಿನವರು ಬಲ್ಲರು.

ಅಣು ಸ್ಥಾವರದ ವಿನ್ಯಾಸಕಾರನು ಆದ್ದರಿಂದಲೇ ವಲಯ ನಕ್ಷೆಯನ್ನು ನೆಚ್ಚಿಕೊಳ್ಳುವುದಿಲ್ಲ. ಪ್ರತಿಯೊಂದು ನಿವೇಶನಕ್ಕೂ ಪ್ರತ್ಯೇಕ ಅಧ್ಯಯನ ನಡೆಯಬೇಕು. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಂತೆ ಸುಮಾರು 300 ಕಿಲೋಮೀಟರ್ ಸುತ್ತಳತೆಯ ಭೂಕಂಪ ಇತಿಹಾಸ, ಶಿಲಾರಚನೆ, ಸ್ತರಭಂಗಗಳನ್ನು ಪರಿಶೀಲಿಸಬೇಕು. ಇನ್ನೂ ಚಲಿಸಬಲ್ಲ ಸ್ತರಭಂಗವೊಂದು 5 ಕಿಲೋಮೀಟರ್ ಒಳಗೆ ಸಿಕ್ಕಿದರೆ ಆ ಜಾಗವನ್ನೇ ಕೈಬಿಡಬೇಕು. ಘಟ್ಟದಲ್ಲಿ ಇದರ ಜೊತೆಗೆ ಇಳಿಜಾರಿನ ಭದ್ರತೆ, ನದಿಯ ಮೇಲ್ಭಾಗದ ಅಣೆಕಟ್ಟೆಗಳು ಒಡೆದರೆ ಬರಬಹುದಾದ ಪ್ರವಾಹ, ಇವೂ ಲೆಕ್ಕದೊಳಗೆ ಬರುತ್ತವೆ.

ಅಧ್ಯಯನದಿಂದ ಎರಡು ಭೂಕಂಪಗಳು ನಿಗದಿಯಾಗುತ್ತವೆ. ಸ್ಥಾವರದ ಆಯುಷ್ಯದಲ್ಲಿ ಬರಬಹುದಾದದ್ದು, ಬಂದರೂ ತಪಾಸಣೆ ಮಾಡಿ ಮತ್ತೆ ನಡೆಸಬಹುದಾದದ್ದು ಒಂದು. ಸುಮಾರು ಹತ್ತು ಸಾವಿರ ವರ್ಷಕ್ಕೊಮ್ಮೆ ಎಂಬಷ್ಟು ಅಪರೂಪದ್ದು, ಬಂದಾಗ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿ, ತಣ್ಣಗಿರಿಸಿ, ವಿಕಿರಣವನ್ನು ಒಳಗೇ ಹಿಡಿದಿಡಲು ಸಾಧ್ಯವಾಗಲೇಬೇಕಾದದ್ದು ಇನ್ನೊಂದು. ಹತ್ತು ಸಾವಿರ ವರ್ಷ ಎಂದರೆ ನಾಳೆ ಬಾರದು ಎಂದರ್ಥವಲ್ಲ. 60 ವರ್ಷ ಬಾಳುವ ಸ್ಥಾವರಕ್ಕೆ ಅದು ಎದುರಾಗುವ ಸಂಭವ ಶೇಕಡಾ 0.6 ಎಂದಷ್ಟೇ ಅರ್ಥ.

ಮನೆಗೂ ರಿಯಾಕ್ಟರಿಗೂ ಇಪ್ಪತ್ತು ಪಟ್ಟು

ಸಾಮಾನ್ಯ ಕಟ್ಟಡಕ್ಕೂ ಅಣು ಸ್ಥಾವರಕ್ಕೂ ಇರುವ ಅಂತರವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಚಿಕ್ಕಮಗಳೂರಿನ ಒಂದು ಮೂರಂತಸ್ತಿನ ಕಾಂಕ್ರೀಟ್ ಕಟ್ಟಡವನ್ನು ತೆಗೆದುಕೊಳ್ಳಿ. 2016ರ ಸಂಹಿತೆಯಂತೆ ಎರಡನೆಯ ವಲಯದ ಗುಣಾಂಕ 0.10. ಅದರ ಅರ್ಧ 0.05. ಗಿಡ್ಡ ಕಟ್ಟಡ ನೆಲದ ಅಲುಗಾಟವನ್ನು ಎರಡೂವರೆ ಪಟ್ಟು ಹಿಗ್ಗಿಸಿಕೊಳ್ಳುವುದರಿಂದ 0.125. ಚೆನ್ನಾಗಿ ಕಂಬಿ ಕಟ್ಟಿದ ಕಟ್ಟಡ ಬಾಗಿ ಬಳುಕಿ ಶಕ್ತಿಯನ್ನು ನುಂಗುತ್ತದೆಂಬ ಕಾರಣಕ್ಕೆ ಅದನ್ನು ಐದರಿಂದ ಭಾಗಿಸಲು ಸಂಹಿತೆ ಅನುಮತಿಸುತ್ತದೆ. ಉಳಿಯುವುದು 0.025. ಅಂದರೆ ಕಟ್ಟಡದ ತೂಕದ ಶೇಕಡಾ ಎರಡೂವರೆಯಷ್ಟು ಅಡ್ಡಬಲಕ್ಕೆ ಅದನ್ನು ಕಟ್ಟಿದರೆ ಸಾಕು. ದೊಡ್ಡ ಭೂಕಂಪದಲ್ಲಿ ಗೋಡೆ ಬಿರಿಯಬಹುದು, ಕಂಬ ಸೊಟ್ಟಗಾಗಬಹುದು. ಜನ ಬದುಕಿ ಹೊರಬಂದರೆ ಸಂಹಿತೆಯ ಉದ್ದೇಶ ಈಡೇರಿದಂತೆ.

ಧಾರಕ ಕಟ್ಟಡಕ್ಕೆ ಈ ಐದರ ರಿಯಾಯಿತಿ ಇಲ್ಲ. ಅದು ಬಿರಿದರೆ ಒಳಗಿನದು ಹೊರಬರುತ್ತದೆ. ಬಾಗಿ ಬಳುಕಿ ಬದುಕುವ ಸ್ವಾತಂತ್ರ್ಯ ಅದಕ್ಕಿಲ್ಲ. ನಿವೇಶನದ ಶಿಖರ ವೇಗೋತ್ಕರ್ಷ ಗುರುತ್ವದ ಶೇಕಡಾ 20 ಎಂದು ನಿಗದಿಯಾಗಿದೆ ಎಂದಿಟ್ಟುಕೊಳ್ಳಿ. ಎರಡೂವರೆ ಪಟ್ಟು ಹಿಗ್ಗಿದರೆ ತೂಕದ ಅರ್ಧದಷ್ಟು ಅಡ್ಡಬಲ. ಮೇಲಿನ ಕಟ್ಟಡದ ಇಪ್ಪತ್ತು ಪಟ್ಟು.

ಈ ‘ಹಿಗ್ಗುವಿಕೆ’ ಎಂದರೇನು? ಕಾಫಿ ತೋಟದಲ್ಲಿ ಗಾಳಿ ಬೀಸಿದಾಗ ನೋಡಿದರೆ ಸಾಕು. ಎತ್ತರದ ಸಿಲ್ವರ್ ಓಕ್ ನಿಧಾನವಾಗಿ ತೂಗುತ್ತದೆ, ಅದರ ಬುಡದ ಕಾಫಿ ಗಿಡ ಪಟಪಟನೆ ಅದುರುತ್ತದೆ. ಗಾಳಿ ಒಂದೇ, ಪ್ರತಿಯೊಂದರ ಸಹಜ ತೂಗಾಟದ ವೇಗ ಬೇರೆ. ಕಟ್ಟಡಗಳೂ ಹಾಗೆಯೇ. ಹತ್ತಂತಸ್ತಿನ ಕಟ್ಟಡ ಒಮ್ಮೆ ತೂಗಲು ಸುಮಾರು ಒಂದು ಸೆಕೆಂಡ್ ತೆಗೆದುಕೊಂಡರೆ ಬಿಗಿಯಾದ ಧಾರಕ ಕಟ್ಟಡ ಸೆಕೆಂಡಿಗೆ ಹಲವು ಬಾರಿ ಅದುರುತ್ತದೆ. ಯಾವ ವೇಗದ ತೂಗಾಟಕ್ಕೆ ಎಷ್ಟು ಬಲ ಎಂದು ತೋರಿಸುವ ರೇಖಾಚಿತ್ರವೇ ರೆಸ್ಪಾನ್ಸ್ ಸ್ಪೆಕ್ಟ್ರಮ್. ಈ ವಿದ್ಯೆಯ ಅಕ್ಷರಮಾಲೆ ಅದು.

ಇಷ್ಟಕ್ಕೇ ಮುಗಿಯುವುದಿಲ್ಲ. ಕಟ್ಟಡ ಅದುರಿದಾಗ ಅದರ ಪ್ರತಿ ಅಂತಸ್ತೂ ತನ್ನದೇ ರೀತಿಯಲ್ಲಿ ಅದುರುತ್ತದೆ. ಆ ಅಂತಸ್ತಿನ ಮೇಲೆ ಕೂತ ಪಂಪು, ಕೊಳವೆ, ಬ್ಯಾಟರಿ, ವಿದ್ಯುತ್ ಫಲಕಗಳಿಗೆ ಅದೇ ‘ನೆಲ’. ಆದ್ದರಿಂದ ಅಂತಸ್ತು ಅಂತಸ್ತಿಗೂ ಬೇರೆ ಸ್ಪೆಕ್ಟ್ರಮ್ ರಚಿಸಿ ಯಂತ್ರಗಳ ವಿನ್ಯಾಸಕಾರರಿಗೆ ಕೊಡಬೇಕು. 2007ರ ಜುಲೈ 16ರಂದು ಜಪಾನಿನ ಕಾಶಿವಾಝಾಕಿ ಕರಿವಾ ಸ್ಥಾವರದಲ್ಲಿ ನೆಲದ ಅಲುಗಾಟ ವಿನ್ಯಾಸದ ಮಿತಿಯನ್ನು ಮೀರಿತು. ಓಡುತ್ತಿದ್ದ ರಿಯಾಕ್ಟರುಗಳು ಸುರಕ್ಷಿತವಾಗಿ ನಿಂತವು, ಬೆಂಕಿ ಹತ್ತಿದ್ದು ಹೊರಗಿನ ಟ್ರಾನ್ಸ್‌ಫಾರ್ಮರಿಗೆ. 2011ರ ಫುಕುಶಿಮಾದಲ್ಲೂ ಕಂಪನವಾದಾಗ ರಿಯಾಕ್ಟರುಗಳು ನಿಂತಿದ್ದವು. ಸುನಾಮಿಯ ನೀರು ತುರ್ತು ವಿದ್ಯುತ್ತನ್ನು ಕಸಿದುಕೊಂಡದ್ದೇ ದುರಂತಕ್ಕೆ ದಾರಿಯಾಯಿತು.

ಯಂತ್ರಗಳನ್ನು ಅಲುಗಿಸಿ ನೋಡಿ ಪ್ರಮಾಣೀಕರಿಸುವ ವ್ಯವಸ್ಥೆ ಬೆಂಗಳೂರಿನಲ್ಲೇ ಇದೆಯೆಂಬುದು ಬಹಳ ಜನಕ್ಕೆ ತಿಳಿಯದು. ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಭೂಕಂಪ ಎಂಜಿನಿಯರಿಂಗ್ ಕೇಂದ್ರದಲ್ಲಿ ಮೂರು ಮೀಟರ್ ಚಚ್ಚೌಕದ, 10 ಟನ್ ಭಾರ ಹೊರುವ, ಮೂರೂ ದಿಕ್ಕುಗಳಲ್ಲಿ ಕಂಪಿಸುವ ವೇದಿಕೆಯಿದೆ.

ಕಲಿಯುವ ದಾರಿ

ಬಿ.ಇ. ಪದವಿಯಲ್ಲಿ ಈ ವಿಷಯ ಇಡಿಯಾಗಿ ಸಿಗುವುದಿಲ್ಲ. ಭೂಕಂಪ ಎಂಜಿನಿಯರಿಂಗ್ ಹೆಚ್ಚಿನ ಕಡೆ ಕೊನೆಯ ವರ್ಷಗಳ ಐಚ್ಛಿಕ ಪಾಠ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯದಂಥ ಕಡೆ ಓದುವವರು ಮೊದಲ ಮೂರು ವರ್ಷ ಸ್ಟ್ರಕ್ಚರಲ್ ಅನಾಲಿಸಿಸ್, ಕಾಂಕ್ರೀಟ್ ವಿನ್ಯಾಸ, ಮಣ್ಣಿನ ಎಂಜಿನಿಯರಿಂಗ್ ಮತ್ತು ಗಣಿತವನ್ನು ಗಟ್ಟಿ ಮಾಡಿಕೊಳ್ಳುವುದು ಲೇಸು. ಕಂಪ್ಯೂಟರ್ ತಂತ್ರಾಂಶ ಬಣ್ಣಬಣ್ಣದ ಚಿತ್ರ ಕೊಡುತ್ತದೆ. ಆದರೆ ಗುಮ್ಮಟವನ್ನು ದಪ್ಪವಿಲ್ಲದ ತೆಳುಹಾಳೆಯೆಂದು ಭಾವಿಸಿ ಲೆಕ್ಕ ಹಾಕಲು ಹೇಳಿದರೆ, ದಪ್ಪದ ದಿಕ್ಕಿನ ಎಳೆತವನ್ನು ಆ ತಂತ್ರಾಂಶ ತೋರಿಸುವುದೇ ಇಲ್ಲ. ತೋರಿಸದ ಬಲವನ್ನು ಕೈಲೆಕ್ಕದಿಂದ ಊಹಿಸಬಲ್ಲವನೇ ಈ ಕೆಲಸಕ್ಕೆ ಬೇಕಾದವನು.

ಸ್ನಾತಕೋತ್ತರ ಹಂತದಲ್ಲಿ ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹತ್ತಿರದವು. ಭೂಕಂಪ ಎಂಜಿನಿಯರಿಂಗ್‌ಗೆ ದೇಶದಲ್ಲೇ ಹಳೆಯ ನೆಲೆಯೆಂದರೆ ರೂರ್ಕಿ. ಪ್ರೊ. ಜೈಕೃಷ್ಣ ಅವರ ಮುಂದಾಳ್ತನದಲ್ಲಿ 1960ರಲ್ಲಿ ಅಲ್ಲಿ ಆರಂಭವಾದ ಶಾಲೆ ಇಂದು ಐಐಟಿಯ ವಿಭಾಗವಾಗಿದೆ. ಆರಂಭಿಕರಿಗೆ ಪ್ರೊ. ಸಿ.ವಿ.ಆರ್. ಮೂರ್ತಿ ಅವರು ಐಐಟಿ ಕಾನ್ಪುರದಲ್ಲಿದ್ದಾಗ ಬರೆದ 24 ಕಿರುಪಾಠಗಳ ಮಾಲೆ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿದ್ದು, ಎಂಜಿನಿಯರರಲ್ಲದವರಿಗೂ ಅರ್ಥವಾಗುವಂತಿದೆ. ಗೇಟ್ ಪರೀಕ್ಷೆಯ ಅಂಕಗಳ ಮೂಲಕ ಭಾರತೀಯ ಅಣು ವಿದ್ಯುತ್ ನಿಗಮಕ್ಕೆ ತರಬೇತಿ ಎಂಜಿನಿಯರಾಗಿ ಸೇರುವುದು ಒಂದು ದಾರಿ. 1957ರಿಂದ ನಡೆದುಬಂದಿರುವ, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ ಮತ್ತೊಂದು. ತಾರಾಪುರದಲ್ಲಿ ಆ ಕೇಂದ್ರ ಧಾರಕ ಕಟ್ಟಡದ ನಾಲ್ಕನೆಯ ಒಂದು ಅಳತೆಯ ಮಾದರಿಯನ್ನು ಕಟ್ಟಿ, ವಿನ್ಯಾಸದ ಮಿತಿಯಾಚೆಗೆ ಒತ್ತಡ ತುಂಬಿ ಪರೀಕ್ಷಿಸಿದೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ಸಂಹಿತೆಗಳನ್ನು ಯಾರು ಬೇಕಾದರೂ ಓದಬಹುದು. ಸಾರ್ವಜನಿಕ ಅಹವಾಲು ಸಭೆಗಳಿಗೆ ಹೋಗುವವರು ಓದಿಕೊಂಡು ಹೋದರೆ ಉತ್ತರ ಕೊಡುವವರೂ ಸಿದ್ಧರಾಗಿ ಬರಬೇಕಾಗುತ್ತದೆ.

ಕಳಸದ ವಿದ್ಯಾರ್ಥಿಗೆ ಮನೆಯ ಹತ್ತಿರವೇ ಒಂದು ಪಾಠವಿದೆ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತರೂ ಅದಿರು ತೊಳೆದುಳಿದ ನುಣ್ಣನೆಯ ಹೂಳನ್ನು ಹಿಡಿದಿರುವ ಲಕ್ಯಾ ಅಣೆಕಟ್ಟೆ ಹಾಗೆಯೇ ಇದೆ. ಸುಮಾರು ನೂರು ಮೀಟರ್ ಎತ್ತರದ ಮಣ್ಣಿನ ಕಟ್ಟೆ ಅದು. ನೀರುಂಡ ನುಣ್ಣನೆಯ ಮರಳು ಅಲುಗಿದರೆ ಕಣಗಳ ನಡುವಿನ ನೀರಿನ ಒತ್ತಡ ಏರಿ ದ್ರವದಂತೆ ಹರಿಯಬಲ್ಲದು. 1965ರ ಭೂಕಂಪದಲ್ಲಿ ಚಿಲಿ ದೇಶದ ಎಲ್ ಕೋಬ್ರೆ ಗಣಿಯ ಹೂಳಿನ ಕಟ್ಟೆ ಹೀಗೆ ಒಡೆದು ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಳೆಗೆ ಧರೆ ಕುಸಿಯುವುದಕ್ಕೂ ಇದಕ್ಕೂ ಪ್ರಚೋದನೆ ಬೇರೆ, ಒಳಗಿನ ಕಾರಣ ಒಂದೇ: ಮಣ್ಣಿನ ಕಣಗಳ ನಡುವಿನ ನೀರು.

ಕೈಗಾ ಬೇಡವೆಂದು ಡಾ. ಕೋಟ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತು ಸೋತದ್ದು ಹಳೆಯ ಕಥೆ. ಅವರು ಎತ್ತಿದ ಪ್ರಶ್ನೆಗಳು ಹಳೆಯವಾಗಿಲ್ಲ. ತಲಾ 700 ಮೆಗಾವಾಟ್‌ನ ಐದು ಮತ್ತು ಆರನೆಯ ಘಟಕಗಳಿಗೆ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. 2019ರಲ್ಲಿ ಪರಿಸರ ಅನುಮತಿ ದೊರೆಯಿತು. 2025ರ ಏಪ್ರಿಲ್‌ನಲ್ಲಿ ಸುಮಾರು 12,800 ಕೋಟಿ ರೂಪಾಯಿಗಳ ನಿರ್ಮಾಣ ಗುತ್ತಿಗೆ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಸಂಸ್ಥೆಯ ಪಾಲಾಯಿತು. ಆ ಎರಡು ಘಟಕಗಳಿಗೂ ಪ್ರೀಸ್ಟ್ರೆಸ್ಡ್ ಕಾಂಕ್ರೀಟಿನ ಗುಮ್ಮಟಗಳೇ ಬರಲಿವೆ.